ಅಕ್ಕನ ಜೀನ್ ಪರೀಕ್ಷೆ, ತಮ್ಮನ ಪ್ರಶ್ನೆಗಳು

ಅಕ್ಕ ಟೈಲರ್. ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಕಿಟಕಿ ಪಕ್ಕದ ಮಿಷನ್ ಅವಳದು. ಹೊಟ್ಟೆ ಉಬ್ಬರಿಸುತ್ತದೆ, ಎರಡು ತುತ್ತಿಗೇ ಸಾಕೆನಿಸುತ್ತದೆ ಎಂದು ಆಗಾಗ ಹೇಳುತ್ತಿದ್ದಳು. ಗ್ಯಾಸು ಇರಬೇಕು ಎಂದು ಮನೆಯವರು ತಳ್ಳಿಹಾಕಿದರು, ಅವಳೂ ಒಪ್ಪಿಕೊಂಡಳು. ತನಗೇ ಒಂದು ಅಂಗಿ ಹೊಲಿದುಕೊಳ್ಳಲು ಅಳತೆ ತೆಗೆದ ದಿನ ತೋಳು ಸಣ್ಣಗಾಗಿತ್ತು, ಸೊಂಟ ಮಾತ್ರ ದಪ್ಪಗಾಗಿತ್ತು. ಅದು ಅವಳಿಗೆ ಸರಿ ಕಾಣಲಿಲ್ಲ. ಆಸ್ಪತ್ರೆಗೆ ಹೋದಳು. ಅಂಡಾಶಯದ ಕ್ಯಾನ್ಸರ್ ಎಂದು ಗೊತ್ತಾಯಿತು.

ಶಸ್ತ್ರಚಿಕಿತ್ಸೆ ಆಯಿತು, ಕಿಮೋ ಶುರುವಾಯಿತು. ಅಷ್ಟರಲ್ಲಿ ಡಾಕ್ಟರು ವಂಶವಾಹಿಯ ಪರೀಕ್ಷೆ, ಅಂದರೆ ಜೀನ್ ಪರೀಕ್ಷೆ ಮಾಡಿಸಿ ಎಂದರು. ಜೊತೆಗಿದ್ದ ತಮ್ಮನಿಗೆ ಇದು ತಲೆಗೆ ಹತ್ತಲಿಲ್ಲ. ಅವನು ಬಡಗಿ. ಯಾಕೆ ಎಂದು ತಿಳಿಯದೆ ಒಂದು ಮೊಳೆಯನ್ನೂ ಹೊಡೆಯದ ಮನುಷ್ಯ. ರೋಗ ಯಾವುದೆಂದು ತಿಳಿದಿದೆ, ಗಡ್ಡೆಯನ್ನೂ ತೆಗೆದಾಯಿತು, ಇನ್ನೇನು ಹುಡುಕುವುದು ಎಂದು ಕೇಳಿದ. ಡಾಕ್ಟರು ಇಬ್ಬರನ್ನೂ ಜೀನ್ ಸಲಹೆಗಾರ್ತಿಯ ಬಳಿ ಕಳಿಸಿದರು.

ಚಿಕ್ಕ ಕೋಣೆ. ಮೂರನೇ ಕುರ್ಚಿಯನ್ನು ತಮ್ಮನೇ ಹೊರಗಿನಿಂದ ಎತ್ತಿಕೊಂಡು ಬಂದ. ಅದರ ಕಾಲು ಅಲ್ಲಾಡುತ್ತದೆಂದು ಗೊಣಗುತ್ತಲೇ ಕುಳಿತ.

ಅಕ್ಕ ಮೆಲ್ಲಗೆ ಹೇಳಿದಳು. "ನಾನು ಎಷ್ಟು ದಿನ ಬದುಕ್ತೀನಿ ಅಂತ ಅದ್ರಲ್ಲಿ ಬರತ್ತೆ ಅಲ್ವಾ? ನಂಗೆ ಅದು ಬೇಡ."

"ಆ ತಾರೀಖು ಯಾವ ಪರೀಕ್ಷೆಲೂ ಬರಲ್ಲಮ್ಮ. ನಿಮಗೆ ಯಾವ ಔಷಧಿ ಚೆನ್ನಾಗಿ ನಾಟಬಹುದು ಅನ್ನೋ ಸುಳಿವು ಸಿಗಬಹುದು," ಎಂದರು ಸಲಹೆಗಾರ್ತಿ.

ದೇಹದ ಕೋಶಗಳಿಗೆ ದಿನವೂ ಸಣ್ಣಪುಟ್ಟ ಪೆಟ್ಟು ಬೀಳುತ್ತದೆ, ಅದನ್ನು ರಿಪೇರಿ ಮಾಡಿಸುವ ಜೀನ್‌ಗಳಿವೆ, ಕೆಲವರಲ್ಲಿ ಹುಟ್ಟಿನಿಂದಲೇ ಅಂಥ ಒಂದು ಜೀನ್ ಕೆಟ್ಟಿರುತ್ತದೆ ಎಂದು ಅವರು ಬಿಡಿಸಿ ಹೇಳಿದರು. ಅಂಥವರ ಕ್ಯಾನ್ಸರ್ ಕೋಶಕ್ಕೂ ರಿಪೇರಿ ಬಾರದು. ಹಾಗಾಗಿ ಕೆಲವು ಕಿಮೋ ಔಷಧಿಗಳಿಗೆ ಅದು ಬೇಗ ಸೋಲುತ್ತದೆ. ಆಮೇಲೆ ರೋಗ ಮರಳುವುದನ್ನು ತಡೆಹಿಡಿಯುವ ಮಾತ್ರೆಗಳೂ ಇವೆ.

ತಮ್ಮ ಮುಂದಕ್ಕೆ ಬಾಗಿದ. "ಅಂದ್ರೆ ಕೆಟ್ಟ ಜೀನ್ ಇದ್ರೇನೇ ಒಳ್ಳೇದಾ?"

ಸಲಹೆಗಾರ್ತಿ ನಕ್ಕರು. "ರೋಗ ಬರೋಕೆ ದಾರಿ ಮಾಡಿದ್ದೂ ಅದೇ, ಔಷಧಿ ನಾಟೋಕೆ ಸಹಾಯ ಮಾಡೋದೂ ಅದೇ ಆಗಬಹುದು. ಖಾತ್ರಿ ಅಂತ ಹೇಳಲ್ಲ, ಸಾಧ್ಯತೆ."

ಮನೆಯಲ್ಲಿ ಬೇರೆ ಯಾರಿಗಾದರೂ ಕ್ಯಾನ್ಸರ್ ಇತ್ತೇ ಎಂದು ಅವರು ಕೇಳಿದಾಗ, ತಮ್ಮನು ಅಮ್ಮನ ಕಡೆಯವರನ್ನೆಲ್ಲ ನೆನೆದು, ಎಲ್ಲರೂ ಗಟ್ಟಿಮುಟ್ಟು ಎಂದ. ಅಪ್ಪನ ಕಡೆ? ಅಕ್ಕ, ತಮ್ಮ ಇಬ್ಬರೂ ಮುಖ ಮುಖ ನೋಡಿಕೊಂಡರು. ಸೋದರತ್ತೆ ಎಳೆಯ ವಯಸ್ಸಿನಲ್ಲೇ ಸ್ತನ ಕ್ಯಾನ್ಸರಿನಿಂದ ತೀರಿಕೊಂಡಿದ್ದಳು.

"ಅದಕ್ಕೂ ಇದಕ್ಕೂ ಏನು ಸಂಬಂಧ? ನಮ್ಮಪ್ಪನಿಗೆ ಅಂಡಾಶಯ ಎಲ್ಲಿತ್ತು?" ಎಂದ ತಮ್ಮ.

"ಸ್ತನಕ್ಕೂ ಅಂಡಾಶಯಕ್ಕೂ ರೋಗ ತರೋದು ಒಂದೇ ಜೀನ್ ಆಗಿರಬಹುದು. ಅದನ್ನ ದಾಟಿಸೋಕೆ ಅಂಡಾಶಯ ಬೇಕಾಗಿಲ್ಲ. ಅಪ್ಪನಿಂದ ಮಗಳಿಗೂ ಬರತ್ತೆ, ಮಗನಿಗೂ ಬರತ್ತೆ."

ತಮ್ಮನಿಗೆ ಕಾಲೇಜು ಮುಗಿಸಿದ ಒಬ್ಬ ಮಗಳಿದ್ದಾಳೆ. ಅವನ ಪ್ರಶ್ನೆಗಳು ಅಲ್ಲಿಗೆ ನಿಂತವು.

ಅಕ್ಕ ರಕ್ತ ಕೊಟ್ಟಳು. ಜೀನ್‌ನಲ್ಲಿ ದೋಷ ಇರುವುದು ತಿಳಿಯಿತು. ಕಿಮೋ ಮುಗಿದ ಮೇಲೆ ಡಾಕ್ಟರು ರೋಗ ಮರಳದಂತೆ ತಡೆಯುವ ಆ ಮಾತ್ರೆ ಶುರುಮಾಡಿದರು. ಆದರೆ ಅಕ್ಕನಿಗೆ ಬೇರೆಯದೇ ಸಂಕಟ ಹಿಡಿಯಿತು. ನನ್ನಿಂದ ಎಲ್ಲರಿಗೂ ಹೆದರಿಕೆ ಹತ್ತಿತಲ್ಲ ಎಂದು ಕಣ್ಣೀರು ಹಾಕಿದಳು.

"ನೀನು ಯಾರಿಗೂ ಕೊಟ್ಟಿಲ್ಲಕ್ಕ. ನಮಗೆ ಮೊದಲು ಹೇಳಿದೋಳು ನೀನು ಅಷ್ಟೇ," ಎಂದ ತಮ್ಮ.

ಅವನೂ ಪರೀಕ್ಷೆ ಮಾಡಿಸಿದ. ಅವನಲ್ಲೂ ಅದೇ ದೋಷ ಇತ್ತು. ಗಂಡಸರಿಗೂ ಕೆಲವು ಕ್ಯಾನ್ಸರ್‌ಗಳ ಅಪಾಯ ಹೆಚ್ಚುವುದರಿಂದ ಅವನು ಆಗಾಗ ತಪಾಸಣೆಗೆ ಹೋಗಬೇಕೆಂದರು ಡಾಕ್ಟರು. ಮಗಳಿಗೆ ಹೇಗೆ ಹೇಳುವುದೆಂದು ತಿಳಿಯದೆ ಕೆಲವು ದಿನ ಒದ್ದಾಡಿದ. ಕೊನೆಗೆ ಅವಳು ಅವನ ಮರಗೆಲಸದ ಶೆಡ್ಡಿಗೆ ಬಂದಾಗ ಗರಗಸ ನಿಲ್ಲಿಸಿ, ಮರದ ಹೊಟ್ಟು ಕೊಡವಿಕೊಂಡು, ಇದ್ದದ್ದನ್ನು ಇದ್ದಹಾಗೇ ಹೇಳಿದ.

"ನಂಗೂ ಇರಬಹುದಾ?"

"ಇರಬಹುದು, ಇಲ್ಲದೇನೂ ಇರಬಹುದು. ಅರ್ಧಕ್ಕರ್ಧ."

ಮಗಳು ಅಪ್ಪನ ಹೆಗಲ ಮೇಲೆ ಉಳಿದಿದ್ದ ಹೊಟ್ಟು ಕೊಡವಿದಳು. "ಅತ್ತೆಗೆ ತನ್ನ ಜೀನ್ ಬಗ್ಗೆ ಗೊತ್ತಾಗೋ ಹೊತ್ತಿಗೆ ರೋಗ ಬಂದಿತ್ತು. ನಂಗೆ ಮೊದಲೇ ಗೊತ್ತಾಗತ್ತೆ ಅಂದ್ರೆ ಯಾಕೆ ಬಿಡ್ಲಿ? ನಡಿ ಅಪ್ಪ, ಡಾಕ್ಟರನ್ನೇ ಕೇಳಿಬಿಡೋಣ."

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಹೊಟ್ಟೆಯುಬ್ಬರ ವಾರಗಟ್ಟಲೆ ಬಿಡದಿದ್ದರೆ ಗ್ಯಾಸೆಂದು ಸುಮ್ಮನಿರಬೇಡಿ. ಅಂಡಾಶಯದ ಕ್ಯಾನ್ಸರ್ ಎಲ್ಲರಿಗೂ ವಂಶದಿಂದ ಬರುವುದಲ್ಲ. ಆದರೆ ನಿಮ್ಮ ಮನೆಯಲ್ಲಿ ಯಾರಿಗಾದರೂ ಬಂದಿದ್ದರೆ ಜೀನ್ ಪರೀಕ್ಷೆ ಬೇಕೇ ಎಂದು ಡಾಕ್ಟರನ್ನು ಬಾಯಿಬಿಟ್ಟು ಕೇಳಿ. ಇವತ್ತು ಮನೆಯ ಹಿರಿಯರ ಪಕ್ಕ ಕುಳಿತು, ಯಾರು ಯಾರಿಗೆ ಏನಾಗಿತ್ತು ಎಂದು ವಿಚಾರಿಸಿ. ಅಪ್ಪನ ಕಡೆಯವರನ್ನು ಮರೆಯಬೇಡಿ.