ಒಂದು ಹನಿ ಬಿದ್ದರೂ

"ಬಂತು! ಬಂತು ಕನ್ರೀ, ಬಿರ್ರನೆ ಬನ್ನಿ!" ಎಂದು ಕೂಗುತ್ತ ಚೌಡಮ್ಮ ಅಂಗಳಕ್ಕೆ ಓಡಿದಳು. ಸಾಲುಮನೆಗಳ ಹೆಂಗಸರೆಲ್ಲ ತಂತಿಯ ಮೇಲಿನ ಬಟ್ಟೆ ಎಳೆದುಕೊಂಡು ಒಳಗೆ ನುಗ್ಗುತ್ತಿದ್ದರೆ ಇವಳೊಬ್ಬಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮಳೆಗೆ ಎದುರಾಗಿ ಹೊರಟಿದ್ದಳು.

ಪಕ್ಕದ ಮನೆಯ ಅಮ್ಮಾಜಮ್ಮ ಬಾಗಿಲಲ್ಲಿ ನಿಂತು, "ಏನ್ ಮಾ ಚೌಡಮ್ಮ, ನಿನ್ ಬಟ್ಟೆ ನೆನೀತೈತೆ ನೋಡು!" ಎಂದಳು.

"ನೆನೀಲಿ ಬುಡಿ! ಬಟ್ಟೆ ಯಾವಾಗ್ಲಾದ್ರೂ ಒಣಗ್ತದೆ. ಮಳೆ ನಾಳೆ ಬತ್ತದೋ ಇಲ್ವೋ!"

ಬೇವಿನ ಮರದ ಕೆಳಗಿದ್ದ ತಮ್ಮ ವ್ಯಾನನ್ನು ಬೆಳಿಗ್ಗೆಯೇ ಬಯಲಿಗೆ ತಂದು ನಿಲ್ಲಿಸಿದ್ದಳು. ಮರದ ಎಲೆಯಿಂದ ತೊಟ್ಟಿಕ್ಕುವ ನೀರಲ್ಲ, ನೇರ ಆಕಾಶದ ಮಳೆಯೇ ಬೀಳಬೇಕು ಅದರ ಮೇಲೆ. ಅವಳು ಹಿಂದಿನ ಬಾಗಿಲು ತೆಗೆದು ಒಳಗೆ ಹತ್ತಿ, ನಾಲ್ಕು ಮೂಲೆಯ ಕೊಂಡಿ ಬಿಚ್ಚಿ, ಎರಡು ಅಂಗೈಯಿಂದ ಚಾವಣಿಯನ್ನು ಮೇಲಕ್ಕೆ ದಬ್ಬಿದಳು. ಕಾರಿನ ಡಿಕ್ಕಿಯನ್ನು ಎತ್ತಿ ಹಿಡಿಯುವಂಥ ಗ್ಯಾಸ್ ಕೋಲುಗಳು ಉಸ್ಸೆಂದವು. ಇಡೀ ಚಾವಣಿ ಮೊಳಕ್ಕಿಂತ ಎತ್ತರ ಎದ್ದು ನಿಂತಿತು. ಅದರ ಸುತ್ತ ಮಡಿಚಿಕೊಂಡಿದ್ದ ಹಸಿರು ಕ್ಯಾನ್ವಾಸ್ ಬಟ್ಟೆ ಲಂಗದ ಹಾಗೆ ಬಿಚ್ಚಿಕೊಂಡು ಬಿಗಿಯಾಯಿತು.

"ಎದ್ದೈತೆ! ಒಂದು ನೆರಿಗೆ ಇಲ್ಲ ನೋಡಕ್ಕ!" ಎಂದು ಅಂಬಿಕ ಅಡುಗೆಮನೆಯಿಂದ ಓಡಿಬಂದಳು. ಬಂಗಾರಪೇಟೆಯಲ್ಲಿ ಆಟೋ ಹುಡ್ಡು, ಲಾರಿ ಟಾರ್ಪಾಲು ಹೊಲಿಯುವವಳು ಅವಳು. ಇಂಥದ್ದನ್ನು ಹೊಲಿದದ್ದು ಇದೇ ಮೊದಲು. ಚೆನ್ನೈ ಕಡೆ ವಾಯುಭಾರ ಕುಸಿದಿದೆ, ಕೋಲಾರದ ಕಡೆಗೂ ಮಳೆ ಎಂದು ಟೀವಿಯಲ್ಲಿ ಹೇಳಿದ್ದೇ ತಡ, ಅಂಗಡಿಯ ಶಟರ್ ಎಳೆದು, ಸ್ಕೂಟರ್ ಹತ್ತಿ ಚಿನ್ನದ ಗಣಿಯ ಪಕ್ಕದ ಈ ನಂದಿದುರ್ಗಕ್ಕೆ ಬಂದುಬಿಟ್ಟಿದ್ದಳು. ಚೌಡಮ್ಮ ಮಾಡಿದ ಅವರೆಕಾಳು ಉಪ್ಪಿಟ್ಟು ತಿಂದು, ಎರಡು ಸಲ ಕಾಫಿ ಕುಡಿದು, ಮೋಡ ನೋಡುತ್ತ ಕುಳಿತಿದ್ದಳು.

ಜವರಯ್ಯ ಎಲ್ಲರಿಗಿಂತ ಕೊನೆಗೆ, ಛತ್ರಿ ಬಿಡಿಸಿಕೊಂಡು ನಿಧಾನವಾಗಿ ಬಂದ. ಕಂಕುಳಲ್ಲಿ ಆವತ್ತಿನ ಪೇಪರಿತ್ತು. ಒಳಗೆ ಹತ್ತಿ, ಹಾಸಿಗೆಯ ಮೇಲೆ ಹಾಳೆಗಳನ್ನು ಒಂದಕ್ಕೊಂದು ತಾಗಿಸಿ ಹರಡಿದ. ಆಮೇಲೆ ಕನ್ನಡಕ ಒರೆಸಿಕೊಂಡು ಹೇಳಿದ: "ಇನ್ನೊಂದ್ಸಲ ಯೋಳ್ತೀನಿ. ಇದರ ಮ್ಯಾಲೆ ಒಂದು ಹನಿ ಬಿದ್ರೂ ನಾಳೆ ಹೊರಡದಿಲ್ಲ."

"ಬೀಳ್ದೇ ಇದ್ರೆ?"

"ಬೀಳ್ದೇ ಇದ್ರೆ ನೋಡವ."

"ನೋಡವ ಅಲ್ಲ. ಹೊರಡದು. ಅಂಬಿಕಾ, ನೀನೇ ಸಾಕ್ಷಿ ಕಣವ್ವ."

ಗಂಡ ಹೆಂಡತಿ ಇಬ್ಬರೂ ಮಳವಳ್ಳಿ ಕಡೆಯವರು. ಜವರಯ್ಯ ಇಲ್ಲಿನ ಕಾರ್ಖಾನೆಯಲ್ಲಿ ವೆಲ್ಡರ್ ಆಗಿದ್ದವನು. ಮಣ್ಣು ಅಗೆಯುವ ದೊಡ್ಡ ಯಂತ್ರಗಳಿಗೆ ಬೆಸುಗೆ ಹಾಕುತ್ತಲೇ ತಲೆ ನರೆತಿತ್ತು. ನಿವೃತ್ತಿಯಾದ ಕೆಲವೇ ತಿಂಗಳಿಗೆ ಎದೆನೋವು ಬಂದು ಸ್ಟೆಂಟ್ ಹಾಕಿದರು. ಆಸ್ಪತ್ರೆಯಿಂದ ಗಾಲಿಕುರ್ಚಿಯಲ್ಲಿ ಹೊರಗೆ ಬರುತ್ತ ಅವನೇ ಹೆಂಡತಿಯ ಕೈ ಹಿಡಿದು, "ಎಲ್ಲಾದ್ರೂ ದೂರ ಹೋಗಾನ ಕಣಮ್ಮಿ. ಸಮುದ್ರ ನೋಡಾನ," ಎಂದಿದ್ದ. ಚೌಡಮ್ಮ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮೊಬೈಲಿನಲ್ಲಿ ಯಾರೋ ಮನೆಯಂಥ ವ್ಯಾನಿನಲ್ಲಿ ಊರೂರು ಸುತ್ತುವುದನ್ನು ನೋಡಿದಳು. ಡ್ರೈವಿಂಗ್ ಸ್ಕೂಲಿಗೆ ಸೇರಿ, ಕಾಲೇಜು ಹುಡುಗಿಯರ ಜೊತೆ ಸಾಲಿನಲ್ಲಿ ನಿಂತು ಲೈಸೆನ್ಸ್ ಪಡೆದಳು. ಮೂಲೆಗೆ ಬಿದ್ದಿದ್ದ ಒಂದು ಶಾಲಾ ವ್ಯಾನನ್ನು ಹುಡುಕಿ ತಂದು, "ಇದರ ನೆತ್ತಿ ಕುಯ್ದು ಕೊಡಿ," ಎಂದು ಗಂಡನ ಮುಂದೆ ನಿಲ್ಲಿಸಿದಳು.

ಅವನಿಗೂ ಅದು ಜೀವ ಬಂದಂತಾಯಿತು. ಡಾಕ್ಟರು ಭಾರ ಎತ್ತಬೇಡಿ ಎಂದಿದ್ದರು, ಬೆಸುಗೆ ಹಾಕಬೇಡಿ ಎಂದಿರಲಿಲ್ಲ. ಬೇಸಿಗೆಯೆಲ್ಲ ಬೇವಿನ ಮರದ ಕೆಳಗೆ ಕಿಡಿ ಹಾರಿಸಿದ. ಚಾವಣಿ ಕತ್ತರಿಸಿದ, ಚೌಕಟ್ಟು ಕೂರಿಸಿದ, ಒಳಗೆ ಬೆವರಿದ ನೀರು ಹರಿದುಹೋಗಲು ಬಟ್ಟೆಯ ಬುಡದಲ್ಲಿ ಸುತ್ತಲೂ ಅಲ್ಯೂಮಿನಿಯಂ ಚಾನೆಲ್ ಹಾಕಿ ಮೂಲೆಯಿಂದ ಹೊರಕ್ಕೆ ತೂತು ಬಿಟ್ಟ. ಮಾಡುವುದರಲ್ಲಿ ಅವನಿಗಿದ್ದ ಉಮೇದು ಹೊರಡುವ ದಿನ ಹತ್ತಿರವಾದಂತೆ ಇಳಿಯತೊಡಗಿತು. ಮೊದಲು ಟೈರು ಸರಿಯಿಲ್ಲ ಅಂದ. ಟೈರು ಬಂತು. ಆಮೇಲೆ ಬ್ಯಾಟರಿ. ಅದೂ ಬಂತು. ಈಗ ಮಳೆ.

ಮಳೆ ಜೋರಾಯಿತು. ಮೂವರೂ ಒಳಗೆ ಕುಳಿತು ಬಾಗಿಲೆಳೆದುಕೊಂಡರು. ಚಾವಣಿಯ ತಗಡಿನ ಮೇಲೆ ಹನಿಗಳು ಹುರಿಗಾಳು ಸಿಡಿದಂತೆ ಸಿಡಿಯುತ್ತಿದ್ದವು. ಕಿಟಕಿಯಾಚೆ ಹಳೆಯ ಗಣಿಯ ಸೈನೈಡ್ ದಿಬ್ಬಗಳು ಮಸುಕಾಗಿ, ಅವುಗಳ ಬೂದುಬಣ್ಣದ ಮರಳು ಕರಗಿ ಚರಂಡಿಯಲ್ಲಿ ಹರಿಯುತ್ತಿತ್ತು. ಚೌಡಮ್ಮ ಕತ್ತೆತ್ತಿ, ಬಾಯಿ ತುಸು ತೆರೆದುಕೊಂಡು, ಹಸಿರು ಬಟ್ಟೆಯನ್ನೇ ನೋಡುತ್ತಿದ್ದಳು. ಅದರೊಳಗಿಂದ ಬರುವ ಬೆಳಕಿನಲ್ಲಿ ಅವಳ ಮುಖವೂ ಹಸಿರಾಗಿತ್ತು.

"ಒಣಗೇ ಅದೆ ಕನ್ರೀ ನಿಮ್ ಪೇಪರು!"

"ವಸಿ ತಡಿ."

ಜವರಯ್ಯ ಟಾರ್ಚ್ ಹಾಕಿ ಹೊಲಿಗೆಯ ಗುಂಟ ಬೆಳಕು ಬಿಡುತ್ತ ಹೋದ. ಮುಂದಿನ ಮೂಲೆಯಲ್ಲಿ ನಿಂತ. "ಇಲ್ನೋಡು."

ಎರಡು ಬಟ್ಟೆ ಸೇರುವ ಕಡೆ, ಸೂಜಿ ಹೋದ ತೂತುಗಳಲ್ಲಿ ಸಣ್ಣ ಸಣ್ಣ ಮುತ್ತು ಕೂತಿದ್ದವು. ಅಂಬಿಕ ತಟ್ಟನೆ ಎದ್ದು ನಿಂತಳು. ಇಡೀ ವ್ಯಾನಿಗೆ ಇದ್ದದ್ದು ಅದೊಂದೇ ಅನುಮಾನದ ಜಾಗ. ಅಲ್ಲಿ ಯಂತ್ರ ಬಗ್ಗದೆ, ಕೈಯಿಂದಲೇ ಹೊಲಿದಿದ್ದಳು. "ಅಯ್ಯೋ, ಇದೇ ಜಾಗ ಅಂತ ನಂಗೊತ್ತಿತ್ತು ಅಣ್ಣಾ." ಬ್ಯಾಗಿನಿಂದ ಜೇನುಮೇಣದ ಉಂಡೆ ತೆಗೆದು ಬಾಗಿಲು ನೂಕಿದಳು. "ಒರಗಿಂದ ಅಚ್ತೀನಿ. ಒಳಗಿಂದ ಮುಟ್ಟಂಗಿಲ್ಲ."

"ಮಳೇಲಿ ಮೇಣ ಹಿಡೀತದಾ ಕಣವ್ವ?" ಎಂದು ಚೌಡಮ್ಮ ಕೇಳಿದಳು.

"ಇಡೀತದೋ ಇಲ್ವೋ, ನೋಡೋಣ ಓಗಕ್ಕ!"

ಅವಳು ಬಂಪರಿನ ಮೇಲೆ ಹತ್ತಿ ನಿಂತು, ಒಂದು ಕೈಯಿಂದ ಚಾವಣಿಯ ಅಂಚು ಹಿಡಿದು, ಇನ್ನೊಂದು ಕೈಯಿಂದ ಹೊಲಿಗೆಯ ಮೇಲೆ ಮೇಣ ತಿಕ್ಕತೊಡಗಿದಳು. ಒಳಗಿನಿಂದ ಅವಳ ಮುಷ್ಟಿಯ ನೆರಳು ಹೋಗಿಬರುವುದು ಕಾಣುತ್ತಿತ್ತು. ಚೌಡಮ್ಮ ಸಂತೆಯಲ್ಲಿ ಕೂಗುವಂತೆ ಕೂಗುತ್ತಿದ್ದಳು: "ಮೇಲೆ! ಇನ್ನೂ ಮೇಲೆ! ಎಡಕ್ಕೆ! ಆ, ಅಲ್ಲೇ, ಅಲ್ಲೇ!" ಮುತ್ತುಗಳು ಬೆಳೆಯಲಿಲ್ಲ. ನೆನೆದ ನೂಲು ಉಬ್ಬಿತೋ, ಮೇಣವೇ ಹಿಡಿಯಿತೋ, ಒಂದೊಂದಾಗಿ ಅಲ್ಲೇ ಇಂಗಿದವು. ಜವರಯ್ಯ ಉಸಿರು ಬಿಗಿಹಿಡಿದು ನೋಡುತ್ತಿದ್ದ. ಕೊನೆಯ ಮುತ್ತೂ ಮಾಯವಾದಾಗ ಅವನ ಬಾಯಿಂದಲೇ, "ಶಾಭಾಸ್!" ಎಂಬ ಮಾತು ಹೊರಟುಬಿಟ್ಟಿತು. ಕೂಡಲೇ ನಾಲಿಗೆ ಕಚ್ಚಿಕೊಂಡ.

ಚೌಡಮ್ಮ ನಕ್ಕಳು. "ನೀವು ಯಾವ್ ಕಡೆಯೋರು ಅಂತ ಮೊದ್ಲು ಯೋಳಿ."

ಆಗ ಗಾಳಿ ತಿರುಗಿತು. ನೆಟ್ಟಗೆ ಬೀಳುತ್ತಿದ್ದ ಮಳೆ ಅಡ್ಡಲಾಗಿ ಹೊಡೆಯತೊಡಗಿತು. ವ್ಯಾನು ಅಲುಗಿತು. ಗಾಳಿಗೆ ಎದುರಾಗಿದ್ದ ಬಟ್ಟೆ ಒಳಕ್ಕೆ ಉಬ್ಬಿಕೊಂಡು ಬಂದು, ಮತ್ತೆ ಹಿಂದೆ ಸರಿಯಿತು. ಅಂಬಿಕ ತೊಪ್ಪೆಯಾಗಿ ಒಳಗೆ ಹಾರಿಬಂದಳು.

"ಈ ಕಡೆ ಒದ್ದೆಯಾಯ್ತಾ ಅದೆ. ಬಟ್ಟೆ ಬಣ್ಣವೇ ಬದಲಾಯ್ತಾ ಅದೆ," ಎನ್ನುತ್ತ ಜವರಯ್ಯ ಉಬ್ಬಿದ ಬಟ್ಟೆಯ ಮೇಲೆ ತೋರುಬೆರಳನ್ನು ಒತ್ತಿಬಿಟ್ಟ.

"ಮುಟ್ಬ್ಯಾಡಿ!"

"ಕೈ ಇಕ್ಬೇಡಣ್ಣಾ!"

ಇಬ್ಬರೂ ಒಟ್ಟಿಗೆ ಕಿರುಚಿದರು. ಅವನು ಬೆರಳು ತೆಗೆದ. ಬೆರಳಿದ್ದ ಜಾಗದಲ್ಲಿ ನೀರು ಸಣ್ಣ ಚುಕ್ಕೆಯಾಗಿ ಮೂಡಿತು. ಚುಕ್ಕೆ ದಪ್ಪವಾಯಿತು. ಅದು ನೇತಾಡಿದ್ದು ಹರಡಿದ್ದ ಪೇಪರಿನ ಮೇಲೆಯೇ.

"ಏಳಿದ್ನಲ್ಲ ಅಣ್ಣಾ! ನೆಂದ ಬಟ್ಟೇನ ಒಳಗಿಂದ ಮುಟ್ಟಿದ್ರೆ ಅಲ್ಲೇ ನೀರು ದಾರಿ ಮಾಡ್ಕೊಂತೈತೆ!" ಅಂಬಿಕ ಹಣೆ ಚಚ್ಚಿಕೊಂಡಳು. "ಇದು ನನ್ ತಪ್ಪಲ್ಲ!"

"ಇದು ಲೆಕ್ಕಕ್ಕಿಲ್ಲ," ಎಂದಳು ಚೌಡಮ್ಮ. "ಬೇಕಂತ್ಲೇ ಮುಟ್ಟಿದ್ದು ನೀವು."

"ಬೇಕಂತ ಯಾಕೆ ಮುಟ್ಲಿ? ಸೋರೋ ಚಾವಣಿ ಕಟ್ಕಂಡು ಅಷ್ಟು ದೂರ ಹೋಗಕ್ಕಾದದಾ?"

"ಸೋರದಲ್ಲ ನಿಮ್ಗೆ ಚಿಂತೆ. ಮಳೆಗೆ ಹೆದರೋ ಜೀವವೇ ನಿಮ್ದು? ಸೈಕಲ್ನಾಗೆ ನೆನ್ಕಂಡು ಶಿಫ್ಟಿಗೆ ಹೋಯ್ತಿದ್ದೋರು ನೀವು. ನಿಜ ಯೋಳಿ. ಏನು ನಿಮ್ ಭಯ?"

ಅಂಬಿಕ ಹೊರಗೆ ನೋಡುವವಳಂತೆ ಮುಖ ತಿರುಗಿಸಿದಳು. ಹನಿ ಇನ್ನೂ ಬೀಳದೆ ತೂಗುತ್ತಿತ್ತು.

"ದಾರೀಲಿ ಎದೆ ಹಿಡ್ಕಂಡ್ರೆ?" ಎಂದ ಜವರಯ್ಯ. ಆಸ್ಪತ್ರೆಯಿಂದ ಬಂದ ಮೇಲೆ ಅವನು ಬಂಗಾರಪೇಟೆ ದಾಟಿರಲಿಲ್ಲ. ಅದನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. "ಯಾವುದೋ ಕಾಡು, ಯಾವುದೋ ಘಾಟಿ. ಒಬ್ಬಳೇ ಏನ್ಮಾಡ್ತೀಯ ನೀನು?"

"ಏನ್ಮಾಡ್ತೀನಾ?" ಚೌಡಮ್ಮನ ದನಿ ಏರಿತು. "ಮನೇಲಿ ಹಿಡ್ಕಂಡ್ರೆ ನಾನು ಆಟೋ ಹುಡುಕ್ಕಂಡು ಮಾರ್ಕೆಟ್ ತಂಕ ಓಡ್ಬೇಕು. ಹೋದ್ಸಲ ಹಂಗೇ ಓಡಿದ್ನಲ್ಲ, ಚಪ್ಪಲಿನೂ ಇಲ್ದೆ? ಈ ವ್ಯಾನಲ್ಲಿ ಹಿಡ್ಕಂಡ್ರೆ ನಾನಾಗ್ಲೇ ಸ್ಟೇರಿಂಗ್ ಮುಂದೆ ಕೂತಿರ್ತೀನಿ. ನೀವಾಗ್ಲೇ ಹಾಸಿಗೆ ಮ್ಯಾಲಿರ್ತೀರಿ. ಆಸ್ಪತ್ರೆ ಬಾಗ್ಲಿಗೇ ತಂದು ನಿಲ್ಲುಸ್ತೀನಿ. ಎಲ್ಲಿದ್ರೆ ಕ್ಷೇಮ, ಈಗ ಯೋಳಿ!"

ಜವರಯ್ಯ ಹೆಂಡತಿಯ ಮುಖ ನೋಡಿದ. ಸಿಟ್ಟಿನಿಂದ ಅವಳ ಮೂಗಿನ ಹೊಳ್ಳೆ ಅರಳಿತ್ತು, ಆದರೆ ಕಣ್ಣು ಮಾತ್ರ ಆ ಹನಿಯ ಮೇಲೇ ಇತ್ತು. ಅದು ಉದ್ದವಾಗಿ, ತುದಿ ಸಣ್ಣಗಾಗಿ, ಇನ್ನೇನು ಕಳಚುವ ಹಾಗಿತ್ತು.

ಅವನ ಕೈ ಮುಂದೆ ಹೋಯಿತು. ಹನಿ ಕೂತಿದ್ದ ಜಾಗಕ್ಕೇ ಬೆರಳಿಟ್ಟು, ಬಟ್ಟೆಯ ಮೇಲೆ ನೆಟ್ಟಗೆ ಕೆಳಕ್ಕೆ ಗೆರೆ ಎಳೆದ. ಮುಟ್ಟಿದಲ್ಲಿ ನೀರು ದಾರಿ ಮಾಡಿಕೊಳ್ಳುತ್ತದೆ ಎಂದರೆ ದಾರಿಯನ್ನು ತಾನೇ ತೋರಿಸಿದರಾಯಿತು. ಹನಿ ಒಂದು ಗಳಿಗೆ ಅನುಮಾನಿಸಿತು. ಆಮೇಲೆ ಬೆರಳಿನ ಹಿಂದೆಯೇ ಗೆರೆಯ ಗುಂಟ ಜಾರಿತು. ಕೆಳಗಿನ ಚಾನೆಲ್ಲಿಗೆ ಇಳಿಯಿತು. ಅದರ ಹಿಂದೆ ಇನ್ನೊಂದು. ಮೂಲೆಯ ತೂತಿನಿಂದ ಹೊರಗೆ ನೀರು ತೊಟ್ಟಿಕ್ಕುವುದು ಕಿಟಕಿಯಲ್ಲಿ ಕಾಣಿಸಿತು.

"ಇಳೀತು!" ಎಂದು ಅವನು ಕೂಗಿದ. "ಚೌಡಿ, ನೋಡು, ನೋಡು, ಹೊರಕ್ಕೇ ಹೋಯ್ತಾ ಅದೆ! ಅಂಬಿಕಾ, ನೋಡವ್ವ!"

ಅಂಬಿಕ ಚಪ್ಪಾಳೆ ತಟ್ಟಿದಳು. ಒದ್ದೆ ಕೈಯಲ್ಲೇ ಮೊಬೈಲು ತೆಗೆದು, ಗೆರೆ, ಬಟ್ಟೆ, ಒಣ ಪೇಪರು, ಎಲ್ಲದರ ಫೋಟೋ ಹಿಡಿದಳು. ಚೌಡಮ್ಮ ಹಾಸಿಗೆಯ ಅಂಚಿಗೆ ಕುಸಿದು ಕುಳಿತು, ಸೆರಗಿನಿಂದ ಮುಖ ಒರೆಸಿಕೊಂಡಳು. ಪೇಪರು ಚರಚರ ಎಂದಿತು. ಎಲ್ಲೂ ಒದ್ದೆಯಿರಲಿಲ್ಲ.

"ಆಯ್ತು. ಹಂಗಾದ್ರೆ ಬೆಳಿಗ್ಗೆ ಐದಕ್ಕೆ," ಎಂದಳು.

"ಬೆಳಿಗ್ಗೆ ಯಾಕೆ?" ಜವರಯ್ಯ ಛತ್ರಿ ಮಡಿಚುತ್ತಿದ್ದ. "ಬೆಳಿಗ್ಗೆ ತಂಕ ಮನೇಲಿದ್ರೆ ನನ್ ಮನಸು ಬದಲಾಯ್ತದೆ. ನಂಗೇ ನಂಬ್ಕೆ ಇಲ್ಲ. ಈಗ್ಲೇ ಹೊಂಡು."

ಚೌಡಮ್ಮ ಅವನನ್ನೇ ನೋಡಿದಳು. ಆಮೇಲೆ ಕೆಳಗೆ ಹಾರಿ ಮನೆಯೊಳಗೆ ಓಡಿದಳು. ಚೀಲಗಳು ಹಿಂದಿನ ದಿನವೇ ವ್ಯಾನು ಸೇರಿದ್ದವು. ಅವಳು ಗ್ಯಾಸ್ ಆರಿಸಿ, ಮಾತ್ರೆಯ ಡಬ್ಬಿ ಎತ್ತಿಕೊಂಡು, ಬೀಗ ಹಾಕಿ, ಕೀಲಿಯನ್ನು ಅಮ್ಮಾಜಮ್ಮನ ಕೈಗೆ ತುರುಕಿದಳು. "ಈ ಮಳೇಲಾ?" ಎಂದು ಅಮ್ಮಾಜಮ್ಮ ಬಾಯಿ ತೆರೆದಳು. "ಈ ಮಳೇಲೇ! ತಂತಿ ಮ್ಯಾಲಿನ ಬಟ್ಟೆ ನೀವೇ ಎತ್ತಿಟ್ಕಳಿ!" ಎಂದು ಚೌಡಮ್ಮ ಓಡುತ್ತಲೇ ಹೇಳಿದಳು.

ಚಾವಣಿ ಇಳಿಸಿ ಕೊಂಡಿ ಹಾಕುವಾಗ ಅಂಬಿಕ ಎಚ್ಚರಿಸಿದಳು. "ಒದ್ದೆ ಬಟ್ಟೆ ಮಡಚಿಟ್ಟಿದೀರ ಅಣ್ಣಾ. ಮಳೆ ನಿಂತಿದ್ ತಕ್ಷಣ ಎತ್ತಿ ಒಣಗಿಸ್ಬೇಕು. ಇಲ್ಲಾಂದ್ರೆ ಬೂಷ್ಟು ಇಡೀತೈತೆ." ತನ್ನ ಸ್ಕೂಟರನ್ನು ಆ ಅಂಗಳದಲ್ಲೇ ಬಿಟ್ಟು ಅವರ ಜೊತೆ ವ್ಯಾನಿನಲ್ಲಿ ಕುಳಿತಳು. ಬಂಗಾರಪೇಟೆಯಲ್ಲಿ ಇಳಿಯುವಾಗ, "ಸಮುದ್ರದ್ದೊಂದು ಫೋಟೋ ಕಳಿಸಕ್ಕ, ಚಾವಣಿ ಎತ್ತಿರಬೇಕು," ಎಂದಳು. ತನ್ನ ಅಂಗಡಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು, ವ್ಯಾನು ತಿರುವು ದಾಟುವವರೆಗೆ ನಿಂತಿದ್ದಳು.

ಪೇಟೆಯ ಕೊನೆಯ ಪೆಟ್ರೋಲ್ ಬಂಕು ಹಿಂದಕ್ಕೆ ಹೋದಾಗ ಜವರಯ್ಯ ಎದೆಯ ಮೇಲೆ ಕೈಯಿಟ್ಟುಕೊಂಡ. ಚೌಡಮ್ಮ ಕಣ್ಣಂಚಿನಲ್ಲಿ ನೋಡಿದಳು. "ಏನು?"

"ಜೋರಾಗಿ ಹೊಡ್ಕತಾ ಅದೆ."

"ನಿಲ್ಲಿಸ್ಲಾ?"

"ಬ್ಯಾಡ. ಕೆಟ್ಟದಾಗಲ್ಲ," ಎಂದ. ಕಿಟಕಿಯ ಗಾಜು ಒರೆಸುತ್ತ, "ಮೊದಲ್ನೇ ಸಲ ಸಂಬಳ ತಗಂಡಾಗ ಹೊಡ್ಕಂಡಂಗೆ," ಎಂದು ಸೇರಿಸಿದ. ಚೌಡಮ್ಮ ಗೇರು ಬದಲಾಯಿಸಿದಳು.

ಟೇಕಲ್ ಹತ್ತಿರ ಬರುವಷ್ಟರಲ್ಲಿ ಮಳೆ ನಿಂತಿತು. ರಸ್ತೆಯಂಚಿಗೆ ವ್ಯಾನು ನಿಲ್ಲಿಸಿದಳು. ಬಂಡೆಗುಡ್ಡಗಳ ಮೈಮೇಲೆಲ್ಲ ನೀರಿನ ತೊರೆಗಳು ಹೊಳೆಯುತ್ತಿದ್ದವು. ಅತ್ತ, ಪಡುವಣದಲ್ಲಿ ಮೋಡದ ಕೆಳಗೆ ಒಂದು ಪಟ್ಟಿ ಬೆಳಕು ತೆರೆದುಕೊಂಡಿತ್ತು. ಜವರಯ್ಯ ಹಿಂದಕ್ಕೆ ಹೋಗಿ ತಾನೇ ಕೊಂಡಿ ಬಿಚ್ಚಿ ಚಾವಣಿ ಎತ್ತಿದ. ಬಟ್ಟೆಯಲ್ಲಿದ್ದ ಕಿಟಕಿಯ ಜಿಪ್ಪನ್ನು ಎಳೆದು, ನೆಟ್ಟಗೆ ನಿಂತು, ತಲೆ ಹೊರಗೆ ಹಾಕಿದ. ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು.

ಹೊಲಗಳಾಚೆ ರೈಲುಹಳಿಯ ಮೇಲೆ ಒಂದು ಗೂಡ್ಸ್ ಗಾಡಿ ಪಡುವಣಕ್ಕೆ ಹೊರಟಿತ್ತು. ಇಂಜಿನಿನ ಬಾಗಿಲಲ್ಲಿ ನಿಂತಿದ್ದವನು ನೆತ್ತಿ ಎತ್ತಿಕೊಂಡು ನಿಂತ ಈ ವ್ಯಾನನ್ನೂ, ಅದರಿಂದ ಇಣುಕುತ್ತಿದ್ದ ನರೆತ ತಲೆಯನ್ನೂ ನೋಡಿ ಕೈಯೆತ್ತಿ ಬೀಸಿದ. ಜವರಯ್ಯನೂ ಕೈ ಹೊರಗೆ ಹಾಕಿ ಬೀಸಿದ. ಇಂಜಿನ್ನು ಮರೆಯಾಯಿತು. ಕಲ್ಲಿದ್ದಲಿನ ಡಬ್ಬಿಗಳು ಒಂದರ ಹಿಂದೆ ಒಂದು, ಒದ್ದೆಯಾಗಿ ಮಿನುಗುತ್ತ ಸಾಗಿದವು. ಕೆಳಗೆ ಚೌಡಮ್ಮ ಸ್ಟೌವ್ ಹಚ್ಚಿ ಟೀಗೆ ನೀರಿಡುತ್ತಿದ್ದಳು. ಕೊನೆಯ ಡಬ್ಬಿ ಬಂಡೆಯ ಹಿಂದೆ ತಿರುಗುವವರೆಗೂ ಅವನ ಕೈ ಗಾಳಿಯಲ್ಲೇ ಇತ್ತು.