ಮಿಸ್ತ್ರಿಯ ನೋಟ್‌ಬುಕ್

ಗೂಳಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿ, ಕತ್ತು ವಾಲದಂತೆ ಬಟ್ಟೆ ಕಟ್ಟಿ, ಹಣೆಗೆ ವಿಭೂತಿ ಬಳಿಯುತ್ತಿದ್ದಾಗ ಅವನ ಸಾಹೇಬರು ಬೂಟು ಕಳಚದೆ ಒಳಗೆ ಬಂದರು. ಪುಣೆಯ ವಾಕಡದ ಆ ಎರಡು ಕೋಣೆಯ ಮನೆಯಲ್ಲಿ ಭಜನೆ ಗಕ್ಕನೆ ನಿಂತಿತು. ಸಾಹೇಬರು ಪ್ರೊಫೆಸರು. ಹೆಸರು ಇಲ್ಲಿ ಬೇಡ, ಬೇಕಾದಷ್ಟು ಕಡೆ ಅಚ್ಚಾಗಿದೆ.

ಕೈ ಮುಗಿದರು. ಮುಗಿದ ಕೈ ಇಳಿಯುವ ಮೊದಲೇ ಕೇಳಿದರು: “ಮಿಸ್ತ್ರಿ ನೋಟ್‌ಬುಕ್ ಎಲ್ಲಿದೆ?”

“ಇವ್ರು ಹೋಗಿ ಇನ್ನಾ ಒಂದ್ ದಿನಾ ಆಗಿಲ್ರಿ,” ಎಂದು ಹೆಂಡತಿ ಬಸವಣ್ಣೆವ್ವ ಅತ್ತಳು.

ಗಾಜಿನಂಥ, ಒಳಗಿನ ಅಣುಗಳಿಗೆ ಶಿಸ್ತಿಲ್ಲದ ಘನವಸ್ತುಗಳ ಮೇಲೆ ಲೇಸರ್ ಹಾಯಿಸಿ ಪರೀಕ್ಷಿಸುವ ಪಂಡಿತರು ಹನ್ನೊಂದು ದೇಶಗಳಿಂದ ಪುಣೆಗೆ ಬಂದು ಸಮ್ಮೇಳನ ನಡೆಸುತ್ತಿದ್ದರು. ಅಂದೇ ನಾಲ್ಕು ಗಂಟೆಗೆ ಅವರಿಗೆ ಸಾಹೇಬರ ಪ್ರಯೋಗಾಲಯ ತೋರಿಸಬೇಕು, ಆಮೇಲೆ ಸಾಹೇಬರು ತಮ್ಮ ಪೇಪರು ಓದಬೇಕು. ಬೆಳಿಗ್ಗೆಯಿಂದ ಮೂವರು ಡಾಕ್ಟರೇಟುಗಳು ಕನ್ನಡಿ ತಿರುವಿದ್ದೇ ತಿರುವಿದ್ದು. ಲೇಸರ್ ಮಾತ್ರ ಗಾಜಿನ ತುಂಡನ್ನು ಬಿಟ್ಟು ಗೋಡೆಗೆ ಬಡಿಯುತ್ತಿತ್ತು. ಯಾವ ಕನ್ನಡಿ ಎಷ್ಟು ತಿರುಗಬೇಕೆಂದು ಗೂಳಪ್ಪ ಕನ್ನಡದಲ್ಲಿ ಬರೆದಿಟ್ಟಿದ್ದ. ಸಾಹೇಬರ ಮನೆಮಾತೂ ಕನ್ನಡವೇ, ಆದರೆ ದಿಲ್ಲಿಯಲ್ಲಿ ಬೆಳೆದವರು, ಓದಲು ಬಾರದು.

*

ಇಪ್ಪತ್ತಾರು ವರ್ಷದ ಹಿಂದೆ ಗೂಳಪ್ಪ ಆ ಪ್ರಯೋಗಾಲಯಕ್ಕೆ ವೈರ್‌ಮನ್ ಆಗಿ ಸೇರಿದ್ದ. ನೋಡಿ ನೋಡಿಯೇ ಎಲ್ಲ ಕಲಿತ. ಗಾಜು ಕರಗಿಸುವುದು, ತಟ್ಟನೆ ಆರಿಸುವುದು, ಗೆರೆ ಉಳಿಯದಂತೆ ಉಜ್ಜುವುದು ಅವನದೇ ಕೆಲಸವಾಯಿತು. ಒಮ್ಮೆ ಜರ್ಮನಿಯವನೊಬ್ಬ ಅವನು ಮಾಡಿದ ಗಾಜಿನ ತುಂಡೊಂದನ್ನು ಬೆಳಕಿಗೆ ಹಿಡಿದು, ಮಾಡಿದವರು ಯಾರೆಂದು ಕೇಳಿದ. “ನಮ್ಮ ಫೆಸಿಲಿಟಿ,” ಎಂದರು ಸಾಹೇಬರು. ಗೂಳಪ್ಪ ಪಕ್ಕದಲ್ಲೇ ಚಹಾದ ಟ್ರೇ ಹಿಡಿದು ನಿಂತಿದ್ದ.

“ನಾನ ಅಂತ ಆ ಫೆಸಿಲಿಟಿ,” ಎಂದು ಸಂಜೆ ಮನೆಯಲ್ಲಿ ಹೇಳಿಕೊಂಡು ನಕ್ಕ. ಬಸವಣ್ಣೆವ್ವನೂ ನಕ್ಕಳು. ಮಗಳು ತ್ರಿವೇಣಿಗೆ ಮೈ ಉರಿದುಹೋಗಿತ್ತು.

*

ಈಗ ನೋಟ್‌ಬುಕ್ ತಂದು ತೆರೆದವಳು ತ್ರಿವೇಣಿಯೇ. ಗಟ್ಟಿಯಾಗಿ ಓದಿದಳು: “ಮಂಗಳವಾರ. ಸಾಹೇಬ್ರು ಮೂರನೇ ಕನ್ನಡಿ ಮುಟ್ಟಿದ್ರು. ಕೆಟ್ಟಿತು. ಸರಿ ಮಾಡಿದೆ. ಶುಕ್ರವಾರ. ಸಾಹೇಬ್ರು ಮತ್ತ ಮುಟ್ಟಿದ್ರು.”

ಭಜನೆಯ ಲಾಲಪ್ಪ ತಾಳ ಕೆಳಗಿಟ್ಟ. “ಇಲ್ಲಿ ಏನೂ ಮುಟ್ಟಬ್ಯಾಡ್ರಿ ಸಾಹೇಬ್ರ.”

ಸಾವಿನ ಮನೆಯೆಂಬುದನ್ನೂ ಮರೆತು ನಾಲ್ಕು ಜನ ನಕ್ಕುಬಿಟ್ಟರು.

“ನಂಬರ್ಸ್ ಓದಮ್ಮ, ಪ್ಲೀಸ್. ಮೂರು ಗಂಟೆ ಆಯ್ತು.”

“ಓದ್ತೀನ್ರಿ. ಇವತ್ತ ನೀವು ಓದೋ ಪೇಪರಿನ ಮ್ಯಾಲ ಅಪ್ಪನ ಹೆಸರು ಹಾಕ್ರಿ.”

“ಟೆಕ್ನಿಷಿಯನ್ ಹೆಸರು ಹಾಕೋ ಪದ್ಧತಿ ಇಲ್ಲ. ಕೊನೇಲಿ ಎಲ್ರಿಗೂ ಸೇರಿಸಿ ಥ್ಯಾಂಕ್ಸ್ ಹೇಳ್ತೀವಿ.”

ತ್ರಿವೇಣಿ ನೋಟ್‌ಬುಕ್ ಮುಚ್ಚಿ ಅಪ್ಪನ ತೊಡೆಯ ಮೇಲಿಟ್ಟಳು. “ಹಂಗಾರ ಇದು ಅವನ ಜೋಡಿ ಕುಣಿಗೆ ಹೋಗಿ ಮಣ್ಣಾಗತದ.”

“ಕೊಟ್ಟುಬಿಡವಾ, ದೊಡ್ಡವರು,” ಎಂದಳು ಬಸವಣ್ಣೆವ್ವ.

“ಇಲ್ಲವ್ವ.”

ಸಾಹೇಬರು ಗಡಿಯಾರ ನೋಡಿದರು. ಅಷ್ಟು ವರ್ಷದ ಪದ್ಧತಿ ಅರ್ಧ ನಿಮಿಷದಲ್ಲಿ ಮುರಿದುಬಿತ್ತು. “ಆಯ್ತು, ಹಾಕ್ತೀನಿ.”

“ಈಗ ಬರೀರಿ. ನನ್ನ ಮುಂದ.”

ಕಿಸೆಯಿಂದ ಪೇಪರು ತೆಗೆದು, ತಮ್ಮ ಹೆಸರಿನ ಮುಂದೆ ಒಂದು ಅಲ್ಪವಿರಾಮ ಹಾಕಿದರು. ಪೆನ್ನು ಅಲ್ಲಿಗೇ ನಿಂತಿತು. ಗೂಳಪ್ಪನನ್ನು ಅವರು ಮಿಸ್ತ್ರಿ ಎಂದಷ್ಟೇ ಕರೆದು ಬಲ್ಲರು. ಬಸವಣ್ಣೆವ್ವನ ಮುಖ ನೋಡಿದರು. ಆಕೆ ಗಂಡನ ಹೆಸರು ಬಾಯಿಬಿಟ್ಟು ಹೇಳುವವಳಲ್ಲ. ಉಳಿದವರಿಗೆ ವಿಷಯ ತಿಳಿದುಹೋಗಿತ್ತು. ಹೇಳಿಕೊಡುವ ಬದಲು ಲಾಲಪ್ಪ ತಾಳ ಎತ್ತಿಕೊಂಡು ಅದರ ದಾರ ಬಿಗಿಯತೊಡಗಿದ. ಕೊನೆಗೆ ಸಾಹೇಬರು ಹೆಣದ ಮುಂದೆ ಮಂಡಿಯೂರಿ, ಚೆಂಡುಹೂವಿನ ಮಾಲೆ ಸರಿಸಿ, ಅಂಗಿಯ ಮೇಲೆ ಆಫೀಸಿನ ಗುರುತಿನ ಚೀಟಿಯೇನಾದರೂ ಇದೆಯೇ ಎಂದು ಹುಡುಕತೊಡಗಿದರು.