ಜಯಕ್ಕನ ಸೀಟು

ತಣ್ಣಗಿದೆ, ಎಷ್ಟು ತಣ್ಣಗಿದೆ ಈ ನೆಲ, ಹೊರಗೆ ಬಿಸಿಲು ಕಾದ ಹೆಂಚಿನ ಹಾಗಿದ್ದರೂ ಇಲ್ಲಿ ಅಂಗಾಲಿಗೆ ಬಾವಿಯ ನೀರು ತಾಕಿದಂತಾಗುತ್ತದೆ, ಗಾದಿಲಿಂಗಮ್ಮ ಒಂದು ಪಾದವನ್ನು ಇನ್ನೊಂದರ ಮೇಲಿಟ್ಟು ಮತ್ತೆ ಇಳಿಸಿದಳು, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬಂದವಳು ಅವಳೊಬ್ಬಳೇ, ಬಿಡಬೇಕಾಗಿಲ್ಲಮ್ಮಾ ಇದು ಗುಡಿಯಲ್ಲ ಅಂತ ಜವಾನ ತೆಲುಗಿನಲ್ಲಿ ಹೇಳಿದ, ಗುಡಿಯಲ್ಲದಿದ್ದರೆ ಮತ್ತೇನಪ್ಪಾ ಇದು, ಇಷ್ಟು ಎತ್ತರದ ಮನೆ ಕಟ್ಟಿ ಒಳಗೆ ಒಲೆ ಹೂಡಲಿಲ್ಲ, ಕಾಳು ತುಂಬಲಿಲ್ಲ, ಕುರಿ ಕೂಡಿಹಾಕಲಿಲ್ಲ, ಬರೀ ಓದುವುದಕ್ಕಂತೆ, ಓದುವುದಕ್ಕೆ ಇಷ್ಟು ಜಾಗ ಬೇಕೇ, ಓದು ಅಂದರೆ ಅಷ್ಟು ದೊಡ್ಡದೇ—ಕಿಟಕಿಯಲ್ಲಿ ಬೆಟ್ಟ ಕಾಣುತ್ತದೆ, ತಿರುಪತಿಗೆ ಬಂದವರೆಲ್ಲ ಆ ಬೆಟ್ಟ ಹತ್ತಿ ಮುಡಿ ಕೊಟ್ಟು ಬರುತ್ತಾರೆ, ಹಾಲಹರವಿಯಿಂದ ಬಂದ ಈ ಮೂವರು ಮಾತ್ರ ಬುಡದಲ್ಲೇ ನಿಂತುಬಿಟ್ಟರು, ಸಿಟ್ಟು ಮಾಡ್ಕೋಬ್ಯಾಡ ತಂದಿ, ಈ ಯೂನಿವರ್ಸಿಟಿಗೂ ನಿನ್ನ ಹೆಸರೇ ಇಟ್ಟಾರಂತ, ಇಲ್ಲಿ ಕುಂತರೂ ನಿನ್ನ ಮನಿಯಾಗ ಕುಂತಂಗೇ. ಬೆಂಚಿನ ಆ ತುದಿಯಲ್ಲಿ ಗಂಡ ಕೂತಿದ್ದಾನೆ, ಹೆಸರು ಮೂಕಪ್ಪ, ಬಾಯಿ ಮಾತ್ರ ಆದೋನಿಯ ಸಂತೆ, ಕುರಿ ಕೊಂಡು ಮಾರುವವನಿಗೆ ಮಾತೇ ಬಂಡವಾಳ, ಅಂಥವನು ರೇಣಿಗುಂಟದಲ್ಲಿ ರೈಲು ಇಳಿದಾಗಿನಿಂದ ಹೆಸರಿಗೆ ತಕ್ಕವನಾಗಿದ್ದಾನೆ. ಇಬ್ಬರ ನಡುವೆ ಮಗಳು ಜಯಕ್ಕ, ಬಳ್ಳಾರಿಯ ಅತ್ತೆಯ ಮನೆಯಲ್ಲಿದ್ದು ಇಂಟರ್‌ಮೀಡಿಯೆಟ್ ಮುಗಿಸಿದವಳು, ಎರಡು ಜಡೆ, ತುಟಿ ಒಣಗಿದೆ, ನೀರು ಕುಡಿತಿಯೇನೇ ಅಂದರೆ ತಲೆ ಅಲ್ಲಾಡಿಸಿದಳು.

ಎಲ್ಲಿಗೆ ಕಳಿಸುವುದು ಅಂತಲೇ ಎಷ್ಟು ಜಗಳ, ಬಳ್ಳಾರಿ ಮೈಸೂರಿನವರ ಪಾಲಿಗೆ ಹೋಗಿ ನಾಲ್ಕು ವರ್ಷವಾಯಿತು, ಹಾಲಹರವಿ ಈಚೆಗೇ ತೆಲುಗರ ಪಾಲಿಗೆ ಉಳಿಯಿತು, ಮನೆಯ ಹಿತ್ತಲು ಒಂದು ಸರ್ಕಾರ, ಅಂಗಳ ಇನ್ನೊಂದು ಸರ್ಕಾರ ಆದಂತೆ, ಧಾರವಾಡಕ್ಕ ಹಾಕ್ರಿ, ನಮ್ಮ ಮಾತಿನ ಊರು ಅಂತ ಬಳ್ಳಾರಿಯ ಅತ್ತೆ, ಮಾತು ನಮ್ಮದಾದ್ರ ಆತೇನಮ್ಮಾ, ಸರ್ಕಾರ ನಮ್ಮದಲ್ಲ, ತಿರುಪತಿಗೆ ಹಾಕ್ರಿ, ಹುಡುಗಿಗೆ ತೆಲುಗು ನೀರು ಕುಡಿದಂಗೆ ಬರ್ತೈತಿ ಅಂತ ದಸ್ತಗಿರಿ ಮೇಷ್ಟ್ರು, ಗಂಡ ಇಬ್ಬರಿಗೂ ಹೌದು ಹೌದು ಅಂದ, ಕೊನೆಗೆ ಜಯಕ್ಕನೇ ತಿರುಪತಿ ಅಂದಳು, ಅಲ್ಲಿ ಫಿಸಿಕ್ಸು ಐತೆಪ್ಪಾ ಅಂದಳು, ಫಿಸಿಕ್ಸು ಅಂದರೆ ಏನೋ, ಗಾದಿಲಿಂಗಮ್ಮನಿಗೆ ಅದು ಯಾವುದೋ ಊರಿನ ಹೆಸರಿನ ಹಾಗೆ ಕೇಳಿಸಿತು. ಆದರೆ ತಮ್ಮ, ತನ್ನ ತಮ್ಮ ಎರ್ರಿಸ್ವಾಮಿ, ಅವನನ್ನು ಏನು ಮಾಡುವುದು, ಜಯಕ್ಕ ಹುಟ್ಟಿದ ದಿನವೇ ಅವ್ವ ಬಸವಕ್ಕ ತೊಟ್ಟಿಲ ಬಳಿ ಕೂತು ಇದು ನನ್ನ ಎರ್ರಿಸ್ವಾಮಿಗೇ ಅಂದಿದ್ದಳು, ಸಾಯುವಾಗಲೂ ಅದೇ ಮಾತು, ನನ್ನ ಸೊಸಿನ್ನ ಹೊರಗ ಕೊಡಬ್ಯಾಡ ಗಾದೀ, ಇಲ್ಲವ್ವಾ ಅಂದು ಬಾಯಿಗೆ ನೀರು ಬಿಟ್ಟವಳು ತಾನೇ, ಕೊಟ್ಟ ಮಾತು ತನ್ನದೇ, ಗಂಡನದಲ್ಲ. ತಮ್ಮ ಕೆಟ್ಟವನೇ, ಅಲ್ಲ, ಬಂಗಾರದಂಥವನು, ಜಯಕ್ಕ ದೊಡ್ಡವಳಾದಾಗ ಸೀರೆ ತಂದ, ಆದೋನಿ ಸ್ಟೇಷನ್ನಿನವರೆಗೂ ಟ್ರಂಕು ಹೊತ್ತು ಬಂದ, ರೈಲು ಹೊರಡುವಾಗ ಕಿಟಕಿ ಹಿಡಿದು ಮೆಲ್ಲಗೆ ಅಂದ, ಅಕ್ಕಾ, ಇನ್ನ ಮೂರು ವರ್ಷ ನನ್ನಿಂದ ಆಗಂಗಿಲ್ಲ, ಹಟ್ಟ್ಯಾಗ ಅಡಿಗಿ ಮಾಡಾಕ ಯಾರೂ ಇಲ್ಲ, ಸೀಟು ಸಿಕ್ಕರ ಬ್ಯಾರೆ ಕಡೆ ನೋಡ್ಕೋತೀನಿ, ನಿನ್ನ ಮ್ಯಾಲೆ ಸಿಟ್ಟಿಲ್ಲ. ಸಿಟ್ಟು ಮಾಡಿದ್ದರೆ ಎಷ್ಟು ಚೆನ್ನಾಗಿತ್ತು, ನಾಲ್ಕು ಬೈದು ಹಗುರಾಗಬಹುದಿತ್ತು. ಸೀಟು ಸಿಗದಿರಲಿ ಸ್ವಾಮೀ ಅಂತ ಗುಂತಕಲ್ಲಿನಿಂದ ಇಲ್ಲಿಯವರೆಗೂ ಬೇಡಿಕೊಂಡಳು, ಅವರೇ ಇಲ್ಲ ಅಂದುಬಿಟ್ಟರೆ ಮಗಳು ಒಂದು ದಿನ ಅಳುತ್ತಾಳೆ, ಸತ್ತವಳ ಮಾತು ಉಳಿಯುತ್ತದೆ, ತಮ್ಮನೂ ಉಳಿಯುತ್ತಾನೆ, ತಾನು ಯಾರಿಗೂ ಕೆಟ್ಟವಳಾಗಬೇಕಿಲ್ಲ.

ಲೋಪಲಿಕಿ ರಂಡಿ, ಜವಾನ ಬಾಗಿಲು ತೆರೆದು ಒಳಗೆ ಕರೆದ, ಮೂವರೂ ಹೋದರು, ಉದ್ದನೆಯ ಮೇಜಿನ ಆಚೆ ರುಮಾಲಿನ ಮುದುಕರೊಬ್ಬರು, ಅವರ ಪಕ್ಕದಲ್ಲಿ ಬಿಳಿ ಸೀರೆಯ, ಕನ್ನಡಕದ ಮೇಡಂ, ಗಂಡಸಿನ ಸಮಸಮ ಕುರ್ಚಿಯಲ್ಲಿ ಒರಗಿ ಕೂತ ಹೆಂಗಸು, ಅವರ ಮುಂದೆ ಮುದುಕರೇ ಸ್ವಲ್ಪ ತಗ್ಗಿ ಮಾತಾಡುತ್ತಾರಲ್ಲ, ಆಹಾ—ಅಷ್ಟರಲ್ಲಿ ಇಂಗ್ಲಿಷು ಶುರುವಾಯಿತು, ಮೇಡಂ ಕೇಳಿದರು, ಜಯಕ್ಕ ಹೇಳಿದಳು, ಮುದುಕರು ಕೇಳಿದರು, ಜಯಕ್ಕ ಹೇಳಿದಳು, ಇದು ಯಾರ ದನಿ, ಇದು ತನ್ನ ಹೊಟ್ಟೆಯಲ್ಲಿ ಹುಟ್ಟಿದ್ದೇ, ಮೊಲೆ ಬಿಡಿಸುವಾಗ ಊರು ಒಂದಾಗುವಂತೆ ಅತ್ತಿದ್ದು ಇದೇ ಗಂಟಲೇ, ಮಗಳ ಕೈ ಗಾಳಿಯಲ್ಲಿ ಏನೋ ದುಂಡಗೆ ಬರೆಯುತ್ತಿದೆ, ಮುದುಕರು ಮುಂದಕ್ಕೆ ಬಾಗಿದ್ದಾರೆ, ಆ ತಿಳಿಯದ ಮಾತಿನ ನಡುವೆ ಹಾಲಹರವಿ ಅಂದಳು, ಅಯ್ಯೋ, ನಮ್ಮೂರು ಆ ಮಾತಿನೊಳಗೂ ಹಿಡಿಸುತ್ತದೆಯೇ, ಗಾದಿಲಿಂಗಮ್ಮನಿಗೆ ಕೈ ಮುಗಿಯಬೇಕು ಅನ್ನಿಸಿತು, ಹೆತ್ತ ಮಗಳಿಗೆ ಯಾರಾದರೂ ಕೈ ಮುಗಿಯುತ್ತಾರೆಯೇ, ಆದರೂ ಅನ್ನಿಸಿತು, ಮೈ ಜುಮ್ಮೆಂದಿತು, ಹೆದರಿಕೆಯೂ ಆಯಿತು. ಸೀಟು ಇಚ್ಚಾಮು ಅಂದರು ಮುದುಕರು, ಕೊಟ್ಟರಂತೆ, ಕೊಟ್ಟೇಬಿಟ್ಟರು, ನಗುತ್ತ ಎದ್ದು ಮೂಕಪ್ಪನ ಕಡೆ ಕೈ ಚಾಚಿದರು, ಅದು ಅವರ ಕಡೆಯ ಮರ್ಯಾದೆ, ಮೂಕಪ್ಪನಿಗೆ ಏನು ಗೊತ್ತು, ಅವನ ಮುಂದೆ ಗಂಡಸರು ಹಾಗೆ ಕೈ ಚಾಚುವುದು ಕುರಿಯ ಸಂತೆಯಲ್ಲಿ ಮಾತ್ರ, ಚಾಚಿದ ಕೈಯ ಮೇಲೆ ಹೆಗಲಿನ ಟವಲು ಬೀಳಲೇಬೇಕು, ಅದರ ಕೆಳಗೆ ಬೆರಳು ಹಿಡಿದು ವ್ಯಾಪಾರ, ಸುತ್ತ ನಿಂತವರಿಗೆ ಗುಟ್ಟು ಕಾಣಬಾರದು, ಮೂಕಪ್ಪ ಟವಲು ತೆಗೆದವನೇ ಮುದುಕರ ಕೈಯ ಮೇಲೆ ಹೊದಿಸಿ ಒಳಗೆ ಕೈ ಹಾಕಿಯೇಬಿಟ್ಟ. ಮುದುಕರು ಬೆಪ್ಪಾದರು, ಮೇಡಂ ಬಾಯಿಗೆ ಸೆರಗು ಹಿಡಿದರು, ಜಯಕ್ಕ ತಲೆ ತಗ್ಗಿಸುತ್ತಾಳೆ, ಅಪ್ಪನಿಂದ ಮಾನ ಹೋಯಿತು ಅಂತ ಅಳುತ್ತಾಳೆ ಅಂದುಕೊಂಡರೆ ಇಲ್ಲ, ಆಕೆ ತೆಲುಗಿನಲ್ಲಿ ಅವರಿಗೆ ಬಿಡಿಸಿ ಹೇಳಿದಳು, ನಮ್ಮ ಸಂತೆಯ ಪದ್ಧತಿ ಸಾರ್, ಐದೂ ಬೆರಳು ಒಟ್ಟಿಗೆ ಹಿಡಿದರೆ ಒಪ್ಪಿಗೆ ಅಂತ, ಹಿಡಿದ ಮೇಲೆ ಯಾರೂ ಹಿಂದೆ ಸರಿಯುವಂತಿಲ್ಲ, ನಾಚದೆ ಹೇಳಿದಳು, ಮುದುಕರು ಜೋರಾಗಿ ನಕ್ಕು ಮೂಕಪ್ಪನ ಭುಜ ತಟ್ಟಿದರು. ಟವಲು ಮೇಜಿನ ಮೇಲೆ ಉಳಿಯಿತು.

ಆಗ ಮೇಡಂ ಕನ್ನಡಕ ಒರೆಸಿಕೊಂಡು ತೆಲುಗಿನಲ್ಲೇ ಕೇಳಿದರು, ಹುಡುಗಿ ಚಿಕ್ಕವಳು, ಮೂರು ವರ್ಷ ಹಾಸ್ಟೆಲಿನಲ್ಲಿರಬೇಕು, ತಂದೆ ತಾಯಿ ಇಬ್ಬರಿಗೂ ಇಷ್ಟವೇ, ಈಗಲೇ ಹೇಳಿ, ನಡುವೆ ಮದುವೆ ಅಂತ ಕರೆದುಕೊಂಡು ಹೋಗುವುದಾದರೆ ಬೇಡ, ಹೊರಗೆ ಕಾಯುತ್ತಿರುವವರಿಗೆ ಕೊಡುತ್ತೇವೆ. ಮೂಕಪ್ಪ ಹೆಂಡತಿಯ ಕಡೆ ನೋಡಿದ, ಮಾತು ಈಕಿದು ಸ್ವಾಮಿ, ಈಕಿ ಹೂಂ ಅಂದ್ರ ನಂದೂ ಹೂಂ. ಎಲ್ಲರೂ ನೋಡುತ್ತಿದ್ದಾರೆ, ರುಮಾಲು, ಕನ್ನಡಕ, ಕಿಟಕಿಯ ಬೆಟ್ಟವೂ, ಇಲ್ಲ ಅನ್ನುವುದು ಸುಲಭ, ಒಂದೇ ಮಾತು, ತಮ್ಮನ ಹಟ್ಟಿ, ಅವ್ವನ ಒಣಗಿದ ತುಟಿ, ಹೂಂ ಅಂದರೆ ಆ ತುಟಿಗೆ ಬಿಟ್ಟ ನೀರು ಸುಳ್ಳಾಗುತ್ತದೆ, ಬಾಯಿಂದ ಅದನ್ನು ಆಡುವುದು ಹೇಗೆ, ಅವ್ವಾ ನೀನೇ ಹೇಳು, ಅವ್ವ ಹೇಳುವುದಿಲ್ಲ, ಸತ್ತವರಿಗೇನು, ಮಾತು ಇಸಕೊಂಡು ಹೋಗುತ್ತಾರೆ—ಜಯಕ್ಕ ಎದ್ದು ಬಂದಳು, ಮೇಜಿನ ಮೇಲಿನ ಟವಲು ತೆಗೆದು ತನ್ನ ಕೈ ಮೇಲೆ ಹೊದಿಸಿಕೊಂಡು ತಾಯಿಯ ಮುಂದೆ ಚಾಚಿದಳು, ಬಾಯಾಗ ಹೇಳಬ್ಯಾಡವ್ವಾ ಅಂದಂತೆ ನೋಡಿದಳು ಅಷ್ಟೇ, ಹೆಂಗಸರು ಯಾವತ್ತೂ ಕೈ ಹಾಕದ ಟವಲು, ಸಂತೆಯಲ್ಲಿ ದೂರ ನಿಂತು ನೋಡಿದ ಟವಲು, ಗಾದಿಲಿಂಗಮ್ಮನ ಕೈ ಅದರ ಕೆಳಗೆ ಹೋಯಿತು, ಒಳಗೆ ಮಗಳ ಕೈ, ಬೆವೆತ ಕೈ, ಒತ್ತುವುದಿಲ್ಲ, ಎಳೆಯುವುದಿಲ್ಲ, ಬೇಡುವುದಿಲ್ಲ, ಬೆರಳು ಬಿಡಿಸಿಕೊಂಡು ಸುಮ್ಮನೆ ಕಾಯುತ್ತಿದೆ, ನಡುಬೆರಳಿಗೆ ಪೆನ್ನು ಹಿಡಿದು ಹಿಡಿದು ಬಂದ ಗಡಸು, ಇದು ಯಾವಾಗ ಬಂತೇ ನಿನಗೆ, ನನಗೆ ಗೊತ್ತೇ ಆಗಲಿಲ್ಲವಲ್ಲೇ, ಕುಡುಗೋಲು ಹಿಡಿದ ನನ್ನ ಕೈಯ ಗಡಸು ಒಂದು ಕಡೆ, ಇದು ಇನ್ನೊಂದು ಕಡೆ, ಎರ್ರಿಸ್ವಾಮಿ ರೈಲಿನ ಕಿಟಕಿ ಬಿಟ್ಟ, ತಪ್ಪಾಯಿತು ತಮ್ಮಾ, ತಪ್ಪಾಯಿತವ್ವಾ, ಹೆಬ್ಬೆರಳು ಸಿಕ್ಕಿತು, ತೋರುಬೆರಳು, ಆ ಗಡಸಿನ ಬೆರಳು, ಉಂಗುರದ ಬೆರಳು, ಕಿರುಬೆರಳು ಇನ್ನೂ ಹೊರಗಿದೆ, ಟವಲು, ಟವಲಿನ ಕೆಳಗೆ ಅದೊಂದು ಕಿರುಬೆರಳು, ಅದನ್ನೂ—